ಕಾಸರಗೋಡಿನಲ್ಲಿ ಹೈಸ್ಕೂಲು ಗಣಿತ: ಒಂಬತ್ತರಿಂದ ಪ್ಲಸ್ ಟುವರೆಗೆ

ನಮಸ್ಕಾರ. ನೀವು ಕೇಳಿದ್ದರಲ್ಲಿ ಎರಡು ಮುಖ್ಯ ಪ್ರಶ್ನೆ ಉಂಟು. ತುಮಕೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ 8 ಮುಗಿಸಿ ಕಾಸರಗೋಡಿಗೆ ಬರುವ ಮಗಳಿಗೆ ಇಲ್ಲಿಯ 9ರ ಗಣಿತ ಕಷ್ಟ ಆಗುತ್ತದಾ ಅನ್ನುವುದು ಒಂದು. 10 ಆದ ಮೇಲೆ ಅವಳು ಎಲ್ಲಿ ಓದುವುದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೆದರಬೇಡಿ. ಎರಡನೆಯದನ್ನು ಮಾತ್ರ ಈಗಲೇ ಯೋಚಿಸಿ ಇಟ್ಟುಕೊಳ್ಳಿ. ಇಲ್ಲಿಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳಾಗಿ ನಾನು ನೋಡಿದ ಮಟ್ಟಿಗೆ, ನಮ್ಮ ಮಕ್ಕಳು ಎಸ್‌ಎಸ್‌ಎಲ್‌ಸಿಯನ್ನು ಚೆನ್ನಾಗಿಯೇ ದಾಟುತ್ತಾರೆ. ಎಡವುವುದು ಪ್ಲಸ್ ವನ್‌ನ, ಅಂದರೆ 11ನೇ ತರಗತಿಯ, ಮೊದಲ ಕೆಲವು ತಿಂಗಳುಗಳಲ್ಲಿ.

ಹೊರಗಿನವರಿಗೆ ಗೊತ್ತಿರಲಿ ಅಂತ ಸ್ವಲ್ಪ ಹಿನ್ನೆಲೆ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು, 1984ರಲ್ಲಿ ಬೇರೆ ಜಿಲ್ಲೆಯಾಯಿತು. ಕನ್ನಡ ಶಾಲೆಗಳು ಉಳಿದವು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಒಂದನೇ ತರಗತಿಯಿಂದ ಎಸ್‌ಎಸ್‌ಎಲ್‌ಸಿಯವರೆಗೆ ಕನ್ನಡದಲ್ಲೇ ಓದಬಹುದು. ಶಾಲಾ ಪಠ್ಯ ಸಿದ್ಧಪಡಿಸುವ ಕೇರಳದ ಎಸ್‌ಸಿಇಆರ್‌ಟಿ ಗಣಿತ ಪುಸ್ತಕವನ್ನು ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ, ನಾಲ್ಕರಲ್ಲೂ ಅಚ್ಚು ಹಾಕುತ್ತದೆ. ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಸಿಗುತ್ತದೆ. 8, 9, 10ರಲ್ಲಿ ಎಲ್ಲ ಮಕ್ಕಳಿಗೂ ಒಂದೇ ಗಣಿತ. ಬೀಜಗಣಿತ ಒಂದು ವರ್ಷ, ರೇಖಾಗಣಿತ ಇನ್ನೊಂದು ವರ್ಷ ಅಂತ ಬೇರೆ ಮಾಡುವ ಕ್ರಮ ಇಲ್ಲ. ಎಲ್ಲವೂ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಈ ವಿಷಯದಲ್ಲಿ ನಿಮ್ಮಲ್ಲಿಗೂ ನಮ್ಮಲ್ಲಿಗೂ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಇರುವುದು ಕಲಿಸುವ ದಾರಿಯಲ್ಲಿ. ಕರ್ನಾಟಕದಲ್ಲಿ 9 ಮತ್ತು 10ರ ಗಣಿತ ಈಗ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯದ್ದು. ಕೇರಳ ಹತ್ತನೆಯವರೆಗೆ ತನ್ನದೇ ಪುಸ್ತಕ ಬರೆಸುತ್ತದೆ. ಆ ಪುಸ್ತಕ ನನಗೆ ತುಂಬ ಇಷ್ಟ. ವರ್ಗಮೂಲ 2 ಎಂಬ ಸಂಖ್ಯೆ ಇಲ್ಲಿ ವ್ಯಾಖ್ಯೆಯಿಂದ ಶುರುವಾಗುವುದಿಲ್ಲ. ಬದಿ 1 ಮೀಟರ್ ಇರುವ ಚೌಕದ ಕರ್ಣ ಎಷ್ಟು ಉದ್ದ ಅಂತ ಕೇಳುತ್ತಾರೆ. ಮಗು ಅಳೆಯುತ್ತದೆ, ದಶಮಾಂಶದಲ್ಲಿ ಹಿಡಿಯಲು ನೋಡುತ್ತದೆ, ಯಾವ ಭಿನ್ನರಾಶಿಗೂ ಅದು ಸಿಗುವುದಿಲ್ಲ ಅನ್ನುವುದು ಅರ್ಥವಾದ ಮೇಲೆ ಹೊಸ ಸಂಖ್ಯೆಗೆ ಹೆಸರು ಬರುತ್ತದೆ. ರೇಖಾಗಣಿತದ ಚಿತ್ರಗಳನ್ನು ಲ್ಯಾಬಿನಲ್ಲಿ ಜಿಯೋಜೀಬ್ರಾ ತಂತ್ರಾಂಶದಲ್ಲಿ ಎಳೆದು ನೋಡುವುದೂ ಇಲ್ಲಿ ಮಾಮೂಲಿ.

ಹತ್ತನೆಯ ಸಮಾಂತರ ಶ್ರೇಢಿಯನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಮೊದಲ ಪದ, ಸಾಮಾನ್ಯ ವ್ಯತ್ಯಾಸ, ಎನ್‌ನೇ ಪದದ ಸೂತ್ರ, ಬೆಲೆ ಹಾಕಿದರೆ ಉತ್ತರ. ನಮ್ಮಲ್ಲಿ 1, 4, 7, 10 ಅಂತ ಬರೆದು, ಸ್ಥಾನಕ್ಕೂ ಸಂಖ್ಯೆಗೂ ಸಂಬಂಧ ಏನು ಅಂತ ಕೇಳುತ್ತೇವೆ. ಸ್ಥಾನವನ್ನು 3ರಿಂದ ಗುಣಿಸಿ 2 ಕಳೆದರೆ ಆಯಿತು ಅಂತ ಮಕ್ಕಳೇ ಹೇಳುತ್ತಾರೆ. ಆಮೇಲೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ: ಈ ಸಂಖ್ಯೆಗಳನ್ನೆಲ್ಲ 3ರಿಂದ ಭಾಗಿಸಿದರೆ ಶೇಷ 1. ಹಾಗಾದರೆ 100 ಈ ಶ್ರೇಢಿಯಲ್ಲಿ ಉಂಟಾ? ಶೇಷ 1, ಉಂಟು, 34ನೆಯ ಸ್ಥಾನದಲ್ಲಿ. ಮುಂದಿನ ಪ್ರಶ್ನೆ ಈ ಥರ ಬರುತ್ತದೆ: 2, 5, 8, 11 ಎಂಬ ಶ್ರೇಢಿಯಲ್ಲಿ ಒಂದೇ ಒಂದು ಪೂರ್ಣವರ್ಗ ಇಲ್ಲ, ಯಾಕೆ? ಇಲ್ಲಿ ಎಲ್ಲದರ ಶೇಷ 2. ಯಾವ ಸಂಖ್ಯೆಯ ವರ್ಗವನ್ನಾದರೂ 3ರಿಂದ ಭಾಗಿಸಿ ನೋಡಿ, ಶೇಷ ಸೊನ್ನೆ ಅಥವಾ 1 ಬರುತ್ತದೆ, 2 ಬರುವುದೇ ಇಲ್ಲ. ಇದನ್ನು ಮಗು ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯಬೇಕು. ಸೂತ್ರ ಬಾಯಿಪಾಠ ಮಾಡಿ ಬಂದ ಮಗು ಮೊದಲು ಇಲ್ಲಿ ಸುಮ್ಮನೆ ಕೂರುತ್ತದೆ. ಹದಿನೈದು ದಿನದಲ್ಲಿ ಅದೇ ಮಗು ಎದ್ದು ನಿಂತು ಮಾತಾಡುವುದನ್ನು ನೋಡಿದ್ದೇನೆ.

ನಿಮ್ಮ ಮಗಳಿಗೆ ಒಂದು ಲಾಭ ಇರುತ್ತದೆ: ಲೆಕ್ಕ ಮಾಡಿ ಮಾಡಿ ಕೈ ಪಳಗಿರುತ್ತದೆ. ನಮ್ಮ ಮಕ್ಕಳಲ್ಲಿ ಕಡಿಮೆ ಇರುವುದು ಅದೇ. ತ್ರಿಕೋನಮಿತಿಯನ್ನು ನಾವು ತ್ರಿಕೋನದ ಬಾಹು, ಕೋನ, ವೃತ್ತ ಇವುಗಳ ಜೊತೆ ಇಟ್ಟು ಕಲಿಸುತ್ತೇವೆ. ಎಡಬದಿ ಬಲಬದಿ ಸಮ ಅಂತ ಸಾಧಿಸುವ ನಿತ್ಯಸಮೀಕರಣಗಳನ್ನು ಪುಟಗಟ್ಟಲೆ ಮಾಡಿಸುವುದು ಇಲ್ಲಿಯ ಕ್ರಮ ಅಲ್ಲ. ಸಂಖ್ಯಾಶಾಸ್ತ್ರದಲ್ಲೂ ನಿಮ್ಮ 10ರಲ್ಲಿ ಬರುವಷ್ಟು ವಿಸ್ತಾರ ಇಲ್ಲ. ಆದ್ದರಿಂದ ಅವಳ ಹಳೆಯ ಅಭ್ಯಾಸ ಬಿಡಿಸಬೇಡಿ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಆ ಥರದ ಲೆಕ್ಕ ಮುಂದುವರಿಯಲಿ.

ಸಂಕೇತಗಳ ವಿಷಯದಲ್ಲೂ ಒಂದು ಎಚ್ಚರ. ನಮ್ಮ 10ರ ಪುಸ್ತಕದಲ್ಲಿ ಶ್ರೇಢಿಯ ಬೀಜಗಣಿತ ರೂಪ ಬರೆಯುವಾಗ ಇಂಗ್ಲಿಷಿನ ಎ ಅಕ್ಷರ ಸಾಮಾನ್ಯ ವ್ಯತ್ಯಾಸದ ಜಾಗದಲ್ಲಿ ಬರುತ್ತದೆ. ಎನ್‌ಸಿಇಆರ್‌ಟಿಯಲ್ಲಿ ಅದೇ ಎ ಅಂದರೆ ಮೊದಲ ಪದ. ಎರಡನ್ನೂ ನೋಡಿದ ಮಕ್ಕಳು ಉತ್ತರ ತಪ್ಪಿಸುವುದು ಇಂಥಲ್ಲಿ. ಒಮ್ಮೆ ಕೂತು ಹೇಳಿಕೊಟ್ಟರೆ ಸಾಕು.

ಸೇರಿಸುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಹೈಸ್ಕೂಲು ವಿಭಾಗದಲ್ಲಿ ಗಣಿತ ಕಲಿಸುವ ಅಧ್ಯಾಪಕರಿಗೆ ಕನ್ನಡ ಬರುತ್ತದಾ ಅಂತ ನೇರವಾಗಿ ವಿಚಾರಿಸಿ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರ ನೇಮಕ ಆಗಿ ಮಕ್ಕಳು, ಹೆತ್ತವರು ಬೀದಿಗಿಳಿದದ್ದು ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆದಿದೆ. ಸಮಾಜ ವಿಜ್ಞಾನವನ್ನಾದರೂ ಮಗು ಪುಸ್ತಕ ಓದಿ ಹೇಗೋ ಸುಧಾರಿಸಿಕೊಂಡೀತು. ಗಣಿತದಲ್ಲಿ "ಯಾಕೆ" ಅನ್ನುವುದನ್ನು ತನ್ನ ಭಾಷೆಯಲ್ಲಿ ಕೇಳಲಿಕ್ಕೆ ಆಗದಿದ್ದರೆ ಆ ವರ್ಷ ಹೋದ ಹಾಗೆಯೇ. ಇದನ್ನು ಕೇಳುವಾಗ ಸಂಕೋಚ ಬೇಡ, ನಾವೆಲ್ಲ ಕೇಳುತ್ತೇವೆ.

ಪರೀಕ್ಷೆಯ ಕ್ರಮ ಹೀಗೆ. ಎಸ್‌ಎಸ್‌ಎಲ್‌ಸಿ ಗಣಿತಕ್ಕೆ 80 ಅಂಕ ಲಿಖಿತ, 20 ನಿರಂತರ ಮೌಲ್ಯಮಾಪನ. ಮೊದಲ 15 ನಿಮಿಷ ಪ್ರಶ್ನೆ ಓದಲಿಕ್ಕೆ ಮಾತ್ರ, ಬರೆಯುವ ಹಾಗಿಲ್ಲ. ಅದಕ್ಕೆ ಕೂಲ್ ಆಫ್ ಟೈಮ್ ಅನ್ನುತ್ತಾರೆ. ಆಯ್ಕೆ ಇರುವ ಪ್ರಶ್ನೆಗಳಲ್ಲಿ ಯಾವುದನ್ನು ಬಿಡುವುದು ಅಂತ ಆ ಹೊತ್ತಿನಲ್ಲೇ ತೀರ್ಮಾನ ಮಾಡಲು ನಾವು ಕಲಿಸುತ್ತೇವೆ. ಫಲಿತಾಂಶ ಗ್ರೇಡಿನಲ್ಲಿ, ಎ ಪ್ಲಸ್‌ನಿಂದ ಇ ವರೆಗೆ ಒಂಬತ್ತು. ಡಿ ಪ್ಲಸ್ ಅಂದರೆ ಪಾಸು.

ಈಗ ಎರಡನೆಯ ಪ್ರಶ್ನೆ. ಹತ್ತರ ನಂತರ ಇಲ್ಲಿ ಪ್ಲಸ್ ವನ್, ಪ್ಲಸ್ ಟು. ಪ್ರವೇಶ ಏಕಗವಾಕ್ಷಿಯಲ್ಲಿ (ಹಲವು ಶಾಲೆಗಳಿಗೆ ಒಂದೇ ಅರ್ಜಿ), ಗ್ರೇಡಿನ ಮೇಲೆ. ವಿಜ್ಞಾನದಲ್ಲಿ ಗಣಿತದ ಜೊತೆ ಜೀವಶಾಸ್ತ್ರ ಅಥವಾ ಕಂಪ್ಯೂಟರ್ ಸಯನ್ಸ್ ತೆಗೆಯಬಹುದು. ಕನ್ನಡ ಅಲ್ಲಿಂದ ಮುಂದೆ ಎರಡನೇ ಭಾಷೆಯಾಗಿ ಉಳಿಯುತ್ತದೆ ಅಷ್ಟೆ. ಪುಸ್ತಕ ಇಂಗ್ಲಿಷ್, ತರಗತಿಯಲ್ಲಿ ವಿವರಣೆ ಹೆಚ್ಚಾಗಿ ಮಲಯಾಳ. ಕುಂಬಳೆ ಪೇಟೆಯಲ್ಲಿ ಬೆಳೆದ ಮಗುವಿಗೆ ಮಲಯಾಳ ಕಿವಿಗೆ ಬಿದ್ದು ಗೊತ್ತಿರುತ್ತದೆ. ನಿಮ್ಮ ಮಗಳಿಗೆ ಎರಡೂ ಹೊಸತು.

ಅದೇ ಹೊತ್ತಿಗೆ ಗಣಿತವೂ ವೇಗ ಬದಲಿಸುತ್ತದೆ. ಪ್ಲಸ್ ವನ್‌ನಲ್ಲಿ ಎನ್‌ಸಿಇಆರ್‌ಟಿಯ 11ನೆಯ ಪುಸ್ತಕ. ಗಣಗಳು, ಸಂಬಂಧ ಮತ್ತು ಉತ್ಪನ್ನಗಳು (ಫಂಕ್ಷನ್), ತ್ರಿಕೋನಮಿತಿ, ಈ ಮೂರು ಪಾಠ ಶುರುವಿನಲ್ಲೇ ಬರುತ್ತವೆ. ಹತ್ತರವರೆಗೆ ಸೈನ್ ಅಂದರೆ ತ್ರಿಕೋನದ ಎರಡು ಬಾಹುಗಳ ಅನುಪಾತ. ಇಲ್ಲಿ ಅದೇ ಸೈನ್ ಒಂದು ಉತ್ಪನ್ನ, ಕೋನ ರೇಡಿಯನ್‌ನಲ್ಲಿ, ಎರಡು ಕೋನ ಕೂಡಿಸಿದರೆ ಏನಾಗುತ್ತದೆ ಅನ್ನುವ ಸೂತ್ರಗಳು ಒಂದರ ಹಿಂದೆ ಒಂದು. ಕೈ ಪಳಗದ ಮಗುವಿಗೆ ಇಲ್ಲಿ ಗಣಿತ ಕಬ್ಬಿಣದ ಕಡಲೆಯಾಗುತ್ತದೆ. ವರ್ಷದ ಕೊನೆಗೆ ಮಿತಿ (ಲಿಮಿಟ್) ಮತ್ತು ಅವಕಲನದ (ಡಿಫರೆನ್ಶಿಯೇಶನ್) ಪರಿಚಯ. ಪ್ಲಸ್ ಟು ಹೆಚ್ಚಾಗಿ ಅದರ ಮೇಲೆಯೇ ನಿಂತಿದೆ: ಸಾಂತತ್ಯ, ಅವಕಲನ, ಅನುಕಲನ (ಇಂಟಿಗ್ರೇಶನ್), ಅವಕಲ ಸಮೀಕರಣ. ಜೊತೆಗೆ ಮಾತೃಕೆ, ಸದಿಶ, ಸಂಭವನೀಯತೆ. ಪ್ಲಸ್ ವನ್‌ನಲ್ಲಿ ಉತ್ಪನ್ನ ಅಂದರೆ ಏನು ಅಂತ ಗಟ್ಟಿಯಾಗದೆ ಮುಂದೆ ಹೋದವರಿಗೆ ಅನುಕಲನ ಬರೀ ಉರು ಹೊಡೆಯುವ ಪಟ್ಟಿ ಆಗಿಬಿಡುತ್ತದೆ.

ಇದಕ್ಕೆ ಹೆದರಿ ಕೆಲವರು ಮಗುವನ್ನು 8ರಲ್ಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆಲೋಚನೆ ಕನ್ನಡದಲ್ಲಿ ಬೇರುಬಿಡಲಿ, 10ರವರೆಗೆ ಬಿಡಿ. 9ರಿಂದಲೇ ನೋಟ್ ಪುಸ್ತಕದ ಅಂಚಿನಲ್ಲಿ ಪ್ರತಿ ಪದದ ಇಂಗ್ಲಿಷ್ ಹೆಸರನ್ನೂ ಬರೆಸಿ. ನನ್ನ ತರಗತಿಯಲ್ಲಿ ಇದನ್ನು ಕಡ್ಡಾಯ ಮಾಡಿದ್ದೇನೆ.

ಮತ್ತೆ ಮಂಗಳೂರು. ಇಲ್ಲಿಂದ ಸುಮಾರು 50 ಕಿಲೋಮೀಟರ್, ಬೆಳಗಿನ ರೈಲಿನಲ್ಲಿ ಕಾಲೇಜಿನ ಮಕ್ಕಳೇ ತುಂಬಿರುತ್ತಾರೆ. ಅಲ್ಲಿ ಪಿಯುಸಿಗೆ ಸೇರಿದರೆ ಗಣಿತ ಸುಲಭ ಆಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಪಿಯುಸಿಯ ಗಣಿತವೂ ಅದೇ ಎನ್‌ಸಿಇಆರ್‌ಟಿ, ಅಧ್ಯಾಯಗಳೂ ಅವೇ. ವ್ಯತ್ಯಾಸ ಇರುವುದು ತರಗತಿಯ ಮಾತಿನಲ್ಲಿ: ಅರ್ಥವಾಗದ್ದನ್ನು ಕನ್ನಡದಲ್ಲಿ ಕೇಳಬಹುದು. ಅದು ಸಣ್ಣ ವಿಷಯ ಅಲ್ಲ. ಆದರೆ ದಿನಾ ಹೋಗಿ ಬರುವ ದಣಿವನ್ನೂ ಲೆಕ್ಕ ಹಾಕಿ. ಗಡಿಯ ವಿಷಯ ಹೇಗೂ ಹೇಳಲಿಕ್ಕಾಗದು. 2020ರಲ್ಲಿ ಕೊರೋನಾದಿಂದ ತಲಪಾಡಿಯ ಗಡಿ ಮುಚ್ಚಿದಾಗ ಆಚೆ ಓದುತ್ತಿದ್ದ ನಮ್ಮ ಮಕ್ಕಳು ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ. ನಿಂತುಹೋಗಿದ್ದ ನಮ್ಮ ಎಸ್‌ಎಸ್‌ಎಲ್‌ಸಿ ಮತ್ತೆ ಶುರುವಾದದ್ದು ಆ ವರ್ಷದ ಮೇ 26ಕ್ಕೆ, ಗಣಿತ ಪರೀಕ್ಷೆಯಿಂದಲೇ. ಮಾಸ್ಕ್ ಕಟ್ಟಿಕೊಂಡು ಒಂದೊಂದು ಬೆಂಚು ದೂರ ಕೂತು ಬರೆದರು.

ನಿಮ್ಮ ಮಟ್ಟಿಗೆ ತೀರ್ಮಾನ ಮಾಡಬೇಕಾದದ್ದು ಬೇರೆ ಕಾರಣದಿಂದ. ಮಗಳು ಎಂಜಿನಿಯರಿಂಗ್‌ಗೆ ಕರ್ನಾಟಕದ ಸಿಇಟಿ ಬರೆಯುವ ಯೋಚನೆ ಇದ್ದರೆ ಅರ್ಹತೆಯ ನಿಯಮ ನೋಡಿ. ಒಂದರಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಅದರ ಜೊತೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನಾದರೂ ಅಲ್ಲಿಂದಲೇ ಪಾಸು ಮಾಡಿರಬೇಕು. ಅವಳಿಗೆ 8 ವರ್ಷ ಆಗಿದೆ. 10 ಇಲ್ಲಿ ಬರೆದು 12ನ್ನೂ ಇಲ್ಲೇ ಬರೆದರೆ ಆ ದಾರಿ ಮುಚ್ಚುತ್ತದೆ. 10 ಇಲ್ಲಿ, ಪಿಯುಸಿ ಮಂಗಳೂರಿನಲ್ಲಿ ಆದರೆ ತೆರೆದಿರುತ್ತದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡ, ತುಳು, ಕೊಡವ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂದು ಬೇರೆ ಅವಕಾಶ ಉಂಟು, ನಮ್ಮ ಮಕ್ಕಳು ಅದರಲ್ಲಿ ಹೋಗುತ್ತಾರೆ. ಆದರೆ ಅದಕ್ಕೆ ಇಲ್ಲಿಯೇ ವರ್ಷಗಟ್ಟಲೆ ಓದಿರಬೇಕು, ಈಗ ಬರುವ ನಿಮಗೆ ಅದು ಒದಗುವುದಿಲ್ಲ. ವರ್ಗಾವಣೆಯಾಗುವ ನೌಕರರ ಮಕ್ಕಳಿಗೆ ಇರುವ ಕಲಮುಗಳನ್ನೂ ಆ ವರ್ಷದ ಸಿಇಟಿ ಕೈಪಿಡಿಯಲ್ಲಿ ಓದಿಕೊಳ್ಳಿ.

ಕೇಂದ್ರೀಯ ವಿದ್ಯಾಲಯದ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಸಿಬಿಎಸ್‌ಇ, ಕನ್ನಡ ಮಾಧ್ಯಮ ಇಲ್ಲ. ಒಂದು ಎಚ್ಚರ ಮಾತ್ರ: 2020ರ ಪರೀಕ್ಷೆಯಿಂದ 10ರ ಗಣಿತದಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡು ಮಟ್ಟ ಬಂದಿದೆ. ಮುಂದೆ ಗಣಿತ ಓದುವ ಆಸೆ ಇರುವ ಮಗು ಸ್ಟ್ಯಾಂಡರ್ಡ್ ತೆಗೆಯಬೇಕು. ಬೇಸಿಕ್‌ನಲ್ಲಿ ಅಂಕ ಬರುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ.

ಕಾಮರ್ಸ್‌ಗೆ ಹೋದರೂ ಗಣಿತ ಬಿಡಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಅರ್ಥಶಾಸ್ತ್ರದ ಜೊತೆ ಗಣಿತ ಸಿಗುವ ಶಾಲೆಗಳುಂಟು. ಆಚೆ ಪಿಯುಸಿಯಲ್ಲಾದರೆ ಬೇಸಿಕ್ ಮ್ಯಾತ್ಸ್ ಅಥವಾ ಸಂಖ್ಯಾಶಾಸ್ತ್ರ ಸಿಗುತ್ತದೆ.

ನೀವು ಬರುವುದು ಜೂನ್‌ಗೆ ಅಂದಿರಿ. ಅಷ್ಟರೊಳಗೆ ಸಮಗ್ರ ಎಂಬ ಕೇರಳದ ಶಾಲಾ ಜಾಲತಾಣದಿಂದ 9ನೆಯ ಗಣಿತದ ಕನ್ನಡ ಪುಸ್ತಕದ ಮೊದಲ ಭಾಗ ಇಳಿಸಿಕೊಳ್ಳಿ, ಹಣ ಕೊಡಬೇಕಾಗಿಲ್ಲ. ಏಪ್ರಿಲ್, ಮೇಯಲ್ಲಿ ಮೊದಲ ಎರಡು ಪಾಠ ಅವಳೇ ಓದಲಿ. ಉತ್ತರ ಸರಿಯಾ ಅಂತ ಮಾತ್ರ ನೋಡಬೇಡಿ, ಯಾಕೆ ಹಾಗೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆಸಿ. 10ರ ಪರೀಕ್ಷೆ ಮುಗಿದ ಮೇಲಿನ ರಜೆಯನ್ನೂ ಈಗಲೇ ಎತ್ತಿಡಿ. ಇಲ್ಲಿ ಮಾರ್ಚ್‌ನಲ್ಲಿ ಪರೀಕ್ಷೆ, ಮೇಯಲ್ಲಿ ಫಲಿತಾಂಶ, ನಡುವೆ ತಿಂಗಳಿಗಿಂತ ಹೆಚ್ಚು ಬಿಡುವು ಇರುತ್ತದೆ. ಪ್ಲಸ್ ವನ್ ಆಗಲಿ ಪಿಯುಸಿ ಆಗಲಿ, ಆ ಮೂರು ಶುರುವಿನ ಪಾಠಗಳನ್ನು ಇಂಗ್ಲಿಷಿನಲ್ಲಿ ಒಮ್ಮೆ ನಿಧಾನವಾಗಿ ಓದಿ ಹೋಗಲಿ. ಮಂಗಳೂರಿಗೆ ಕಳಿಸುವುದಾದರೆ ಫಲಿತಾಂಶಕ್ಕೆ ಕಾಯದೆ ಸೀಟು ವಿಚಾರಿಸಿ, ಕೆಲವು ಖಾಸಗಿ ಕಾಲೇಜುಗಳಲ್ಲಿ ಅಷ್ಟು ಹೊತ್ತಿಗೆ ಭರ್ತಿಯಾಗಿರುತ್ತದೆ.