ಸಿನಿಮಾ ನೋಡಿಯಾಯ್ತು, ಇನ್ನು ಪುಸ್ತಕ ಯಾಕೆ?

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ಹ್ಯಾರಿ ಪಾಟರ್‌ನ ಎಂಟೂ ಸಿನಿಮಾ ನೋಡಿದ್ದಾಳೆ. ಪುಸ್ತಕ ಕೊಟ್ಟರೆ ‘ಕಥೆ ಗೊತ್ತಲ್ಲಮ್ಮಾ’ ಅನ್ನುತ್ತಾಳೆ. ಓದಿಸುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದನೆಯ ಪುಸ್ತಕದಿಂದ ಶುರು ಮಾಡಿಸಬೇಡಿ. 2001ರ ಮೊದಲ ಸಿನಿಮಾ ಬಹುಪಾಲು ಪುಸ್ತಕದ ಹಾದಿಯಲ್ಲೇ ಸಾಗುತ್ತದೆ. ಹೊಸದೇನೂ ಸಿಗದಿದ್ದರೆ ಮಗು ಎರಡು ಮೂರು ಅಧ್ಯಾಯಕ್ಕೇ ಮುಚ್ಚಿಡುತ್ತದೆ. ಮೂರನೆಯದನ್ನು, ಅಂದರೆ ಅಜ್ಕಬಾನ್ ಕೈದಿಯ ಕಥೆಯನ್ನು ಕೊಡಿ. ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಿ: ಶಾಲೆಯಲ್ಲಿ ಯಾರು ಎಲ್ಲಿ ಓಡಾಡುತ್ತಿದ್ದಾರೆಂದು ತೋರಿಸುವ ಆ ನಕ್ಷೆಯನ್ನು ಮಾಡಿದವರು ಯಾರು? 2004ರ ಸಿನಿಮಾದಲ್ಲಿ ನಕ್ಷೆ ಇದೆ, ಮಾಡಿದವರ ಅಡ್ಡಹೆಸರುಗಳೂ ಇವೆ, ಆದರೆ ಅವು ಯಾರ ಹೆಸರುಗಳೆಂದು ಬಿಡಿಸಿ ಹೇಳುವುದೇ ಇಲ್ಲ. ಅದು ಪುಸ್ತಕದ 18ನೇ ಅಧ್ಯಾಯದಲ್ಲಿದೆ, ಹ್ಯಾರಿಯ ಅಪ್ಪನ ಶಾಲಾದಿನಗಳ ಗುಟ್ಟಿನ ಜೊತೆಗೆ. ನೇರ ಅಲ್ಲಿಗೇ ಹಾರಿದರೆ ಬೈಯಬೇಡಿ. ಹಿಂದಿನದು ತಿಳಿಯದೆ ತಾನೇ ಹಿಂದಿನ ಪುಟಗಳಿಗೆ ಬರುತ್ತಾಳೆ.

ನಾಲ್ಕನೆಯದು ದಪ್ಪ ಪುಸ್ತಕ, 37 ಅಧ್ಯಾಯ. ದಿನಕ್ಕೆ ಒಂದು ಅಧ್ಯಾಯ ಸಾಕು. ಮನೆಗೆಲಸದ ಕುಳ್ಳಜೀವಿಗಳ ಬಿಡುಗಡೆಗಾಗಿ ಹ್ಯಾರಿಯ ಗೆಳತಿ ಹರ್ಮಯನಿ ನಡೆಸುವ ಹೋರಾಟ ಸಿನಿಮಾದಲ್ಲಿ ಪೂರ್ತಿ ಮಾಯ. ಹನ್ನೊಂದರ ಹುಡುಗಿಗೆ ಅದೇ ಹಿಡಿಸಬಹುದು. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಸಾಯುತ್ತಾನೆ, ಅಲ್ಲಿಂದ ಮುಂದೆ ಕಥೆ ಕಪ್ಪಾಗುತ್ತದೆ. ಅವಳಿಗೆ ಅದು ಭಾರವಾದಂತೆ ಕಂಡರೆ ಐದನೆಯದಕ್ಕೆ ಆತುರ ಬೇಡ.

ಆ ಬಿಡುವಿನಲ್ಲಿ ಮೈಕೇಲ್ ಎಂಡೆ 1979ರಲ್ಲಿ ಜರ್ಮನ್‌ನಲ್ಲಿ ಬರೆದ ‘ದ ನೆವರ್‌ಎಂಡಿಂಗ್ ಸ್ಟೋರಿ’ ಕೊಡಿ. ಇಲ್ಲೂ ಅದೇ ಕ್ರಮ: ಮೊದಲು 1984ರ ಸಿನಿಮಾ ತೋರಿಸಿ, ಆಮೇಲೆ ಪುಸ್ತಕ. ಸಿನಿಮಾ ಹೇಳುವುದು ಹೆಚ್ಚುಕಡಿಮೆ ಅರ್ಧ ಕಥೆಯನ್ನಷ್ಟೇ. ಉಳಿದರ್ಧದಲ್ಲಿ, ಕಥೆಯೊಳಗೆ ಪುಸ್ತಕ ಓದುತ್ತಿದ್ದ ಹುಡುಗ ಆ ಪುಸ್ತಕದ ಲೋಕದೊಳಗೇ ಇದ್ದಾನೆ, ಬಯಸಿದ್ದೆಲ್ಲ ಸಿಗುತ್ತದೆ. ಆದರೆ ಬಯಕೆ ಈಡೇರುತ್ತಾ ಹೋದಂತೆ ಅವನ ನೆನಪುಗಳು ಒಂದೊಂದಾಗಿ ಅಳಿಯುತ್ತವೆ. ಈ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ದ್ವಿತೀಯಾರ್ಧ ನನಗೆ ಗೊತ್ತಿಲ್ಲ.

ಪ್ರಶ್ನೆ: ನಾರ್ನಿಯಾ ಎಂಬ ಮಾಯಾಲೋಕದ ಕಥೆಗಳ ಏಳು ಪುಸ್ತಕಗಳ ಸೆಟ್ ತಂದಿದ್ದೇವೆ. 1ನೇ ಸಂಖ್ಯೆಯದು ‘ದ ಮೆಜಿಶಿಯನ್ಸ್ ನೆಫ್ಯೂ’. ಅದರಿಂದಲೇ ಶುರು ಮಾಡಬೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಅದು ಬಂದದ್ದು 1955ರಲ್ಲಿ. ಮೊದಲು ಬಂದದ್ದು 1950ರ ಸಿಂಹ–ಮಾಟಗಾತಿ–ಬೀರುವಿನ ಕಥೆ. ಈಗಿನ ಸೆಟ್‌ಗಳಲ್ಲಿ ನಾರ್ನಿಯಾದ ಒಳಗಿನ ಕಾಲಕ್ರಮದಂತೆ ಸಂಖ್ಯೆ ಹಾಕುತ್ತಾರೆ. ಹಿಮದ ಕಾಡಿನ ನಡುವೆ ದೀಪದ ಕಂಬ ಯಾಕೆ ಉರಿಯುತ್ತಿದೆ ಎಂಬ ಬೆರಗು ಕಥೆಯ ಹುಡುಗಿ ಲೂಸಿಯ ಜೊತೆ ಮಗುವಿಗೂ ಹುಟ್ಟಬೇಕು. ಅದರ ಕಾರಣ ‘ದ ಮೆಜಿಶಿಯನ್ಸ್ ನೆಫ್ಯೂ’ದಲ್ಲಿದೆ, ಮೊದಲೇ ತಿಳಿದರೆ ಆ ಬೆರಗು ಹೋಯಿತು. 2005, 2008, 2010ರ ಮೂರು ಸಿನಿಮಾಗಳೂ ಪ್ರಕಟವಾದ ಕ್ರಮದಲ್ಲೇ ಬಂದಿವೆ, ಒಂದೊಂದು ಪುಸ್ತಕ ಮುಗಿದಂತೆ ತೋರಿಸಬಹುದು.

ಪ್ರಶ್ನೆ: ಮಗ ಕನ್ನಡ ಮಾಧ್ಯಮ, ಆರನೇ ತರಗತಿ. ಇಷ್ಟು ಇಂಗ್ಲಿಷ್ ಓದಲಾರ. ಅವನಿಗೆ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಮರವಾಗುವ ಹುಡುಗಿಯ ಕಥೆಯಿಂದ ಶುರು ಮಾಡಿ. ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ಒಯ್ದ ಈ ಜನಪದ ಕಥೆ ಮೂಲತಃ ಕನ್ನಡದ್ದೇ, ನೀವೇ ಬಾಯಲ್ಲಿ ಹೇಳಬಹುದು. ಒಂದು ಕೊಡ ನೀರು ಹೊಯ್ದರೆ ಹುಡುಗಿ ಹೂಮರ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಹೂ ಕೀಳುವಾಗ ಕೊಂಬೆ, ಎಲೆಗೆ ನೋವಾಗಬಾರದು. ನಾದಿನಿ ಕೊಂಬೆ ಮುರಿದಲ್ಲಿಂದ ಕಷ್ಟ ಶುರು. ಅಲ್ಲಿಗೆ ನಿಲ್ಲಿಸಿ, ‘ಮುಂದೇನಾಗಿರಬಹುದು?’ ಎಂದು ಬರೆಸಿ. ಮರುದಿನ ಉಳಿದದ್ದು ಹೇಳಿ: ಗಂಡ ಮುರಿದ ಕೊಂಬೆಗಳನ್ನೆಲ್ಲ ಜೋಡಿಸುತ್ತಾನೆ, ಅವಳು ಇಡಿಯಾಗುತ್ತಾಳೆ.

ಗಿರೀಶ ಕಾರ್ನಾಡರು ಇದನ್ನೇ 1992ರಲ್ಲಿ ‘ಚೆಲುವಿ’ ಮಾಡಿದರು. ಸಿನಿಮಾ ಹಿಂದಿಯಲ್ಲಿದೆ, ಪಕ್ಕದಲ್ಲಿ ಕೂತು ಮಾತು ತಿಳಿಸಿ. ಕಥೆಯ ಸುಖಾಂತ್ಯ ಅಲ್ಲಿಲ್ಲ ಎಂದು ಮೊದಲೇ ಹೇಳಿಬಿಡಿ. ಕಾರ್ನಾಡರು ಕೊನೆಯನ್ನು ಯಾಕೆ ಬದಲಿಸಿರಬಹುದೆಂದು ಅವನೇ ಕೇಳುತ್ತಾನೆ.