ಆಪೆರಾ ಪ್ರದರ್ಶನದ ಹಿಂದೆ ಯಾರೆಲ್ಲ ಇರುತ್ತಾರೆ? ಕೊನೆಗೆ ಯಾರ ಮಾತು ನಡೆಯುತ್ತದೆ?

ಒಂದು ಆಪೆರಾ, ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ನಾಟಕ, ವೇದಿಕೆಗೆ ಬರಬೇಕಾದರೆ ಹಿಂದೆ ಎಷ್ಟು ಜನ ದುಡಿಯುತ್ತಾರೆ, ಅಷ್ಟು ಜನ ಹೇಗೆ ಹೊಂದಿಕೊಳ್ಳುತ್ತಾರೆ, ಅಲ್ಲಿ ಯಜಮಾನ ನಿರ್ದೇಶಕನೋ, ಕೈ ಆಡಿಸಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರೋ ಎಂದು ಕೇಳಿದ್ದೀರಿ. ನಾನು ಸಂಗೀತಗಾರ ಅಲ್ಲ. ಜರ್ಮನಿಯ ಒಂದು ಊರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆದರೆ ಮೂರು ವರ್ಷ ಸಂಜೆ ಹೊತ್ತು ಅಲ್ಲಿನ ಆಪೆರಾ ಮನೆಯಲ್ಲಿ ಸ್ಟಾಟಿಸ್ಟ್ ಆಗಿದ್ದೆ. ಅಂದರೆ ಹಾಡದೆ, ಮಾತಾಡದೆ, ವೇದಿಕೆ ಮೇಲೆ ಸುಮ್ನೆ ಓಡಾಡುವವನು. ಪೊಲೀಸ್ ಆಗಿದ್ದೆ, ಸೇವಕ ಆಗಿದ್ದೆ, ಹೆಣ ಹೊತ್ತಿದ್ದೆ. ಒಮ್ಮೆ ಹೆಣವೂ ಆಗಿದ್ದೆ. ಸಿಗುತ್ತಿದ್ದ ದುಡ್ಡು ಬಸ್ಸಿಗೂ ಒಂದು ಊಟಕ್ಕೂ ಸರಿಹೋಗುತ್ತಿತ್ತು. ಹಾಗಾಗಿ ಸೈಡ್ ವಿಂಗ್‌ನಲ್ಲಿ, ಅಂದರೆ ವೇದಿಕೆ ಪಕ್ಕದ ಮರೆಯಲ್ಲಿ, ನಿಂತವನಿಗೆ ಕಂಡಷ್ಟನ್ನು ಹೇಳುತ್ತೇನೆ.

ಒಂದೇ ಆಪೆರಾ ಇಟ್ಟುಕೊಳ್ಳೋಣ. ಇಟಲಿಯ ಸಂಗೀತ ರಚನಕಾರ ಪುಚ್ಚೀನಿಯ 'ಲಾ ಬೊಹೆಮ್'. 1896ರ ಫೆಬ್ರವರಿ 1ರಂದು ಇಟಲಿಯ ಟುರಿನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಅದನ್ನು ನಡೆಸಿದ ಕಂಡಕ್ಟರ್ ಟೊಸ್ಕನಿನಿಗೆ ಆಗ 28 ವರ್ಷ. ಪ್ಯಾರಿಸ್ಸಿನ ಬಡ ಕಲಾವಿದರ ಕಥೆ. ಕವಿ ರೊಡೊಲ್ಫೊ, ಪಕ್ಕದ ಕೋಣೆಯ ಮಿಮಿ, ಅವಳ ಕೆಮ್ಮು, ಕೊನೆಗೆ ಅವಳ ಸಾವು. ಕಥೆ ಇಷ್ಟೇ. ಆದರೆ ಅದರ ಎರಡನೇ ಅಂಕ ತೆರೆಯ ಹಿಂದಿನವರಿಗೆ ದುಃಸ್ವಪ್ನ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಬೀದಿ ತುಂಬ ಜನ, ಒಂದು ಕೆಫೆ, ಆಟಿಕೆ ಮಾರುವವನು, ಅವನ ಹಿಂದೆ ಮಕ್ಕಳ ಗುಂಪು, ಕೊನೆಗೆ ಸೈನಿಕರ ವಾದ್ಯದ ಮೆರವಣಿಗೆ. ಎಲ್ಲ ಇಪ್ಪತ್ತು ನಿಮಿಷದೊಳಗೆ ಮುಗಿಯಬೇಕು.

ನಮ್ಮಲ್ಲಿ ಆ ಅಂಕಕ್ಕೆ ಕೋರಸ್‌ನವರು, ಅಂದರೆ ಗುಂಪಿನಲ್ಲಿ ಹಾಡುವವರು, ನಲವತ್ತು, ಮಕ್ಕಳು ಇಪ್ಪತ್ತು, ವೇದಿಕೆ ಮೇಲೆ ಬಾರಿಸುತ್ತಾ ಬರುವವರು ಹತ್ತು ಹನ್ನೆರಡು, ನನ್ನಂಥವರು ಹದಿನೈದು. ವೇದಿಕೆ ಮುಂದೆ ಕೆಳಗಿನ ಗುಂಡಿಯಲ್ಲಿ ಅರವತ್ತು ವಾದ್ಯಗಾರರು. ಇನ್ನು ಸೆಟ್ ತಳ್ಳುವವರು, ದೀಪದವರು, ಬಟ್ಟೆ ತೊಡಿಸುವವರು, ವಿಗ್ ಕೂರಿಸುವವರು, ಸಾಮಾನು ನೋಡಿಕೊಳ್ಳುವವರು, ಮತ್ತೆ ಮೂಲೆಯಲ್ಲಿ ಕೂತ ಅಗ್ನಿಶಾಮಕದವರು. ಒಟ್ಟು ಇನ್ನೂರರ ಹತ್ತಿರ. ಹಾಡುವ ಮುಖ್ಯ ಪಾತ್ರಧಾರಿಗಳು ಏಳೆಂಟು ಜನ, ಅಷ್ಟೇ.

ಕೆಲಸ ತುಂಬಾ ಮೊದಲೇ ಶುರುವಾಗುತ್ತದೆ. ಸುಮಾರು ಒಂದು ವರ್ಷ ಮುಂಚೆ ಬೌಪ್ರೋಬೆ ಅಂತ ಮಾಡುತ್ತಾರೆ. ರೀಪು, ಬಟ್ಟೆ, ಹಳೆ ಹಲಗೆ ಸೇರಿಸಿ ಸೆಟ್‌ನ ಒಂದು ಅಂದಾಜು ಆಕಾರವನ್ನು ನಿಜವಾದ ವೇದಿಕೆ ಮೇಲೆ ನಿಲ್ಲಿಸುತ್ತಾರೆ. ಬಾಲ್ಕನಿಯ ಮೂಲೆ ಸೀಟಿನಿಂದ ಕೆಫೆ ಕಾಣುತ್ತಾ? ಮೆಟ್ಟಿಲು ತೀರಾ ಕಡಿದಾ? ಉದ್ದ ಲಂಗ ಹಾಕಿದವಳು ಹಾಡುತ್ತಾ ಇಳಿಯಬಹುದಾ? ಇದೆಲ್ಲ ಆಗಲೇ ತೀರ್ಮಾನ ಆಗಬೇಕು. ಬಡಗಿಗಳು ಮರ ಕೊಯ್ದ ಮೇಲೆ ಮನಸ್ಸು ಬದಲಾಯಿಸಿದರೆ ಕಾರ್ಖಾನೆಯಿಡೀ ಬೈಯುತ್ತದೆ. ಹೌದು, ದೊಡ್ಡ ಆಪೆರಾ ಮನೆಗಳಿಗೆ ತಮ್ಮದೇ ಬಡಗಿ ಕಾರ್ಯಾಗಾರ, ಹೊಲಿಗೆ ವಿಭಾಗ ಎಲ್ಲ ಇರುತ್ತದೆ. ವಿಗ್ ಮಾಡುವವರು ಬಲೆಯ ಮೇಲೆ ಒಂದೊಂದೇ ಕೂದಲನ್ನು ಕೊಕ್ಕೆಯಿಂದ ಗಂಟು ಹಾಕುವುದನ್ನು ನೋಡಿ ನನಗೆ ನಮ್ಮೂರಿನಲ್ಲಿ ಮೊಗ್ಗಿನ ಜಡೆ ಹೆಣೆಯುವವರ ನೆನಪಾಗಿತ್ತು.

ಆಮೇಲೆ ಸುಮಾರು ಆರು ವಾರ ತಾಲೀಮು. ಅದು ವೇದಿಕೆ ಮೇಲೆ ಅಲ್ಲ, ಒಂದು ದೊಡ್ಡ ಕೋಣೆಯಲ್ಲಿ. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ನೆಲದ ಮೇಲೆ ಅಂಟಿಸಿದ ಬಣ್ಣದ ಟೇಪು. ಆರ್ಕೆಸ್ಟ್ರಾ ಇರುವುದಿಲ್ಲ. ಒಬ್ಬರು ಪಿಯಾನೊದಲ್ಲಿ ಅರವತ್ತು ವಾದ್ಯಗಳ ಕೆಲಸವನ್ನು ಎರಡು ಕೈಯಲ್ಲಿ ಮಾಡುತ್ತಾರೆ, ಸಾಲದ್ದಕ್ಕೆ ಬಾರದಿರುವ ಗಾಯಕನ ಸಾಲನ್ನೂ ಹಾಡುತ್ತಾರೆ. ನನ್ನ ಪ್ರಕಾರ ಇಡೀ ಮನೆಯಲ್ಲಿ ಅತಿ ಜಾಸ್ತಿ ದುಡಿದು ಅತಿ ಕಡಿಮೆ ಹೆಸರು ಪಡೆಯುವವರು ಅವರೇ. ಕೊನೆ ಎರಡು ವಾರದಲ್ಲಿ ಗಾಯಕರೂ ಆರ್ಕೆಸ್ಟ್ರಾವೂ ಮೊದಲ ಸಲ ಒಟ್ಟಿಗೆ ಸೇರುತ್ತಾರೆ. ಅಭಿನಯ ಇಲ್ಲ, ಕೂತು ಹಾಡುವುದಷ್ಟೇ. ಅದಕ್ಕೆ ಸಿಟ್ಸ್‌ಪ್ರೋಬೆ, ಅಂದರೆ ಕೂತು ಮಾಡುವ ತಾಲೀಮು, ಎಂದೇ ಹೆಸರು. ಆಮೇಲೆ ವೇಷ, ದೀಪ, ಆರ್ಕೆಸ್ಟ್ರಾ ಒಂದರ ಮೇಲೊಂದು ಸೇರಿ ಗೆನೆರಾಲ್‌ಪ್ರೋಬೆ, ಅಂದರೆ ಕೊನೆಯ ಪೂರ್ತಿ ತಾಲೀಮು.

ನಡುವೆ ದೀಪದ ತಾಲೀಮು ಅಂತ ಒಂದಿದೆ, ಅದು ಪೂರ್ತಿ ನಮ್ಮಂಥವರದ್ದು. ಗಾಯಕರನ್ನು ಗಂಟೆಗಟ್ಟಲೆ ನಿಲ್ಲಿಸಲಾಗುವುದಿಲ್ಲವಲ್ಲ. ಅವರ ಜಾಗದಲ್ಲಿ ನಾವು ನಿಲ್ಲುತ್ತೇವೆ. ನಾನು ಒಂದು ಇಡೀ ಮಧ್ಯಾಹ್ನ ಮಿಮಿಯಾಗಿ ಸತ್ತು ಮಲಗಿದ್ದೆ. 'ಮಿಮಿ, ಗಡ್ಡ ಸ್ವಲ್ಪ ಎಡಕ್ಕೆ' ಎಂದು ಕತ್ತಲಿನಿಂದ ಯಾರೋ ಕೂಗಿದರು.

ಈಗ ನಿಮ್ಮ ಯಜಮಾನನ ಪ್ರಶ್ನೆ. ಆರು ವಾರ ನಿರ್ದೇಶಕರ ಮಾತು ನಡೆಯುತ್ತದೆ. ಯಾರು ಎಲ್ಲಿಂದ ಬರಬೇಕು, ಯಾಕೆ ಬರಬೇಕು ಎನ್ನುವುದೆಲ್ಲ ಅವರದ್ದೇ. ಸಂಗೀತದ ವೇಗ, ಉಸಿರು, ದನಿ ಕಂಡಕ್ಟರ್‌ದ್ದು. (ಅಮ್ಮನಿಗೆ ಫೋನಿನಲ್ಲಿ 'ಕಂಡಕ್ಟರ್ ಬಂದ ಮೇಲೆ ಶುರುವಾಗುತ್ತೆ' ಎಂದಾಗ 'ಟಿಕೆಟ್ ಅವನೇ ಕೊಡ್ತಾನಾ?' ಎಂದು ಕೇಳಿದ್ದರು.) ಇಬ್ಬರಿಗೂ ಜಗಳ ಆಗುವುದುಂಟು. ಗಾಯಕ ಬೆನ್ನು ತಿರುಗಿಸಿ ಹಾಡಲಿ ಎಂದು ಒಬ್ಬರು, ಬೆನ್ನು ತಿರುಗಿಸಿದರೆ ದನಿ ಹೊರಗೆ ಬರುವುದಿಲ್ಲ ಎಂದು ಇನ್ನೊಬ್ಬರು. ಗಾಯಕರಿಗೆ ಮೈಕ್ ಇರುವುದಿಲ್ಲ ನೋಡಿ. ಆದರೆ ಮೊದಲ ಪ್ರದರ್ಶನ ಮುಗಿದ ಮರುದಿನ ನಿರ್ದೇಶಕರು ಪೆಟ್ಟಿಗೆ ಕಟ್ಟಿಕೊಂಡು ಬೇರೆ ಊರಿಗೆ ಹೊರಡುತ್ತಾರೆ. ಆಮೇಲೆ ವರ್ಷಗಟ್ಟಲೆ ಆ ನಾಟಕ ಅವರಿಲ್ಲದೆಯೇ ನಡೆಯುತ್ತದೆ.

ಪ್ರದರ್ಶನದ ರಾತ್ರಿ ನಡೆಸುವವರು ನಿಮ್ಮ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಜರ್ಮನ್‌ನಲ್ಲಿ ಇನ್‌ಸ್ಪಿಟ್ಸಿಯೆಂಟ್ ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಸ್ಟೇಜ್ ಮ್ಯಾನೇಜರ್. ನಮ್ಮಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ವಿಂಗ್‌ನಲ್ಲಿ ಒಂದು ಮೇಜು, ಒತ್ತುವ ತುಂಬಾ ಗುಂಡಿಗಳು, ಎರಡು ಮೂರು ಪರದೆಗಳು, ಪೆನ್ಸಿಲ್ ಗುರುತಿನಿಂದ ಕಪ್ಪಾದ ಒಂದು ಸಂಗೀತ ಪುಸ್ತಕ. ಅವರು ಪುಟ ತಿರುಗಿಸುತ್ತಾ ಮೈಕಿನಲ್ಲಿ ಮೆಲ್ಲಗೆ ಹೇಳುತ್ತಾ ಹೋಗುತ್ತಾರೆ. ಅವರು ಹೇಳದೆ ಒಂದು ದೀಪ ಬದಲಾಗುವುದಿಲ್ಲ, ತೆರೆ ಏಳುವುದಿಲ್ಲ. 'ಮಕ್ಕಳು ವೇದಿಕೆಗೆ ಬನ್ನಿ' ಎನ್ನುವ ಅವರ ದನಿ ಕ್ಯಾಂಟೀನಿನವರೆಗೂ ಕೇಳಿಸುತ್ತದೆ. 1830ರ ಪ್ಯಾರಿಸ್ಸಿನ ವೇಷದಲ್ಲಿ ಕೂತಿದ್ದ ಜನ ಆಲೂಗಡ್ಡೆ ಸಲಾಡ್ ಬಿಟ್ಟು ಏಳುತ್ತಾರೆ.

ಯಾಕೆ ಇಷ್ಟು ಕಟ್ಟುನಿಟ್ಟು ಎಂದರೆ ಅಲ್ಲಿ ಯಾರಿಗೂ ಎಲ್ಲವೂ ಕಾಣುವುದಿಲ್ಲ. ನಾನು ಉಡುಪಿ ಕಡೆಯವನು. ನಮ್ಮ ದೊಡ್ಡಪ್ಪ ಮೇಳದಲ್ಲಿ ಚೆಂಡೆ ಬಾರಿಸುತ್ತಿದ್ದರು. ಯಕ್ಷಗಾನದಲ್ಲಿ ಭಾಗವತರು ವೇಷಧಾರಿಯ ಹಿಂದೆಯೇ ಇರುತ್ತಾರೆ. ಕುಣಿತ ಏರಿದರೆ ಪದ ಎಳೆಯುತ್ತಾರೆ, ವೇಷ ಬರುವುದು ತಡವಾದರೆ ಇನ್ನೊಂದು ಸುತ್ತು ಹಾಡುತ್ತಾರೆ. ಪ್ರಸಂಗದ ಪಾತ್ರ ಹಂಚಿಕೆ ಸಂಜೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಆದರೂ ಬೆಳಗಿನವರೆಗೆ ಆಟ ಸಾಗುತ್ತದೆ. ಆಪೆರಾದಲ್ಲಿ ಆ ಅವಕಾಶ ಇಲ್ಲ. ಬರೆದ ಸಂಗೀತ ಯಾರಿಗೂ ಕಾಯುವುದಿಲ್ಲ.

ಆ ಮೆರವಣಿಗೆಯನ್ನೇ ನೋಡಿ. ವಾದ್ಯದವರು ಮೊದಲು ಹಿಂದೆ ಎಲ್ಲೋ ದೂರದಿಂದ ಬಾರಿಸುತ್ತಾರೆ. ಅವರಿಗೆ ಕಂಡಕ್ಟರ್ ಕಾಣುವುದಿಲ್ಲ. ಹಾಗಾಗಿ ಕಂಡಕ್ಟರ್ ಮುಂದೆ ಒಂದು ಕ್ಯಾಮೆರಾ, ವಿಂಗ್‌ಗಳಲ್ಲೆಲ್ಲ ಟೀವಿ. ಒಬ್ಬ ಸಹಾಯಕ ಆ ಟೀವಿ ನೋಡುತ್ತಾ ಇವರಿಗೆ ಕೈ ಆಡಿಸುತ್ತಾನೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದೆ ನಿಂತವನಿಗೆ ಆರ್ಕೆಸ್ಟ್ರಾ ಕೇಳಿಸುವುದೇ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಅವನು ಅದಕ್ಕೆ ಸರಿಯಾಗಿ ಬಾರಿಸಿದರೆ, ಅವನ ಶಬ್ದ ಮುಂದೆ ಬರಲು ಮತ್ತೆ ಅಷ್ಟೇ ತಡ. ಹೊರಗೆ ಕೂತವರಿಗೆ ಎರಡು ಪಟ್ಟು ಹಿಂದೆ ಬಿದ್ದಂತೆ ಕೇಳಿಸುತ್ತದೆ. ಅದಕ್ಕೇ ಅವರು ಕಿವಿಗೆ ಕೇಳಿದ್ದನ್ನು ಬಿಟ್ಟು ಕಣ್ಣಿಗೆ ಕಂಡ ಕೈಯನ್ನೇ ನಂಬಬೇಕು. ತಮ್ಮ ಕಿವಿಗೆ ತಪ್ಪು ಅನಿಸುತ್ತಿರುವಾಗಲೇ ಬಾರಿಸುತ್ತಾ ಹೋಗಬೇಕು!

ನನ್ನ ಪಾತ್ರ ಕೆಫೆಯ ವೇಟರ್. ಅಂಕದ ಕೊನೆಯಲ್ಲಿ ಎಲ್ಲರೂ ತಿಂದುಂಡು ಮೆರವಣಿಗೆಯ ಹಿಂದೆ ಹೋಗಿಬಿಡುತ್ತಾರೆ. ಕಥೆಯ ಇನ್ನೊಬ್ಬ ಹುಡುಗಿ ಮುಸೆಟ್ಟಾಳ ಜೊತೆ ಬಂದ ಮುದುಕ ಶ್ರೀಮಂತ ಅಲ್ಚಿಂದೊರೊ, ಅವಳ ಬೂಟು ಸರಿಮಾಡಿಸಲು ಹೋದವನು, ವಾಪಸ್ ಬರುತ್ತಾನೆ. ನಾನು ಅವನ ಕೈಗೆ ಎಲ್ಲರ ಊಟದ ಬಿಲ್ ಇಡಬೇಕು. ಅವನು ನೋಡಿ ಕುರ್ಚಿಗೆ ಕುಸಿಯಬೇಕು. ತೆರೆ. ನನಗೆ ಸಂಗೀತ ಓದಲು ಬರುವುದಿಲ್ಲ, ಡ್ರಮ್ಮಿನ ಸದ್ದು ಗುರುತಿಟ್ಟುಕೊಂಡಿದ್ದೆ. ನಾಲ್ಕನೆಯದೋ ಐದನೆಯದೋ ಪ್ರದರ್ಶನದಲ್ಲಿ, ಒಳಗೆ ಕಾಲಿಡುವ ಮುಂಚೆ ಜೇಬು ಮುಟ್ಟಿ ನೋಡಿದರೆ ಬಿಲ್ ಇಲ್ಲ. ಎದೆ ಧಸಕ್ ಅಂತು. ಅಷ್ಟರಲ್ಲಿ ಸಾಮಾನು ನೋಡಿಕೊಳ್ಳುವಾಕೆ ಹಿಂದಿನಿಂದ ನನ್ನ ಕೈಗೆ ಒಂದು ಬಿಲ್ ತುರುಕಿದಳು. ಮುಖ ಕೂಡ ನೋಡಲಿಲ್ಲ. ಆಮೇಲೆ ಕೇಳಿದರೆ, 'ಬಿಲ್ ಮರೆಯದ ವೇಟರ್ ಇನ್ನೂ ಹುಟ್ಟಿಲ್ಲ' ಎಂದಳು. ಪ್ರತಿ ಪ್ರದರ್ಶನಕ್ಕೂ ಏಪ್ರನ್ ಜೇಬಿನಲ್ಲಿ ಒಂದು ಹೆಚ್ಚಿನ ಬಿಲ್ ಇಟ್ಟುಕೊಂಡೇ ಬರುತ್ತಿದ್ದಳಂತೆ.

ಇನ್ನೊಂದು ದಿನ ಚಿತ್ರಕಾರ ಮಾರ್ಚೆಲ್ಲೊನ ಪಾತ್ರಧಾರಿಗೆ ಬೆಳಿಗ್ಗೆ ದನಿ ಬಿದ್ದುಹೋಯಿತು. ಬೇರೆ ಊರಿನಲ್ಲಿ ಅದೇ ಪಾತ್ರ ಗೊತ್ತಿರುವ ಒಬ್ಬರನ್ನು ಹುಡುಕಿದರು. ಅವರ ರೈಲು ತಡವಾಗಿ, ತೆರೆ ಏಳಲು ಅರ್ಧ ಗಂಟೆ ಇದ್ದಾಗ ಬಂದು ತಲುಪಿದರು. ಚಲನೆ ಕಲಿಸಲು ಸಮಯವೇ ಇಲ್ಲ. ಕೊನೆಗೆ ಅವರು ವೇದಿಕೆಯ ಅಂಚಿನಲ್ಲಿ ಸಂಗೀತ ಪುಸ್ತಕದ ಸ್ಟ್ಯಾಂಡ್ ಇಟ್ಟುಕೊಂಡು ಹಾಡಿದರು. ಸಹಾಯಕ ನಿರ್ದೇಶಕ ಹುಡುಗ ವೇಷ ಹಾಕಿ ಬಾಯಿ ಆಡಿಸುತ್ತಾ ಅಭಿನಯಿಸಿದ. ಆರು ವಾರದ ಪ್ರತಿ ಹೆಜ್ಜೆಯನ್ನೂ ಪುಸ್ತಕದಲ್ಲಿ ಬರೆದಿಟ್ಟವನು ಅವನೇ ತಾನೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಜನ ಸ್ಟ್ಯಾಂಡಿನ ಕಡೆ ನೋಡುವುದನ್ನೇ ಬಿಟ್ಟಿದ್ದರು. ಮೊದಲ ಸಾಲಿನಲ್ಲಿ ಒಬ್ಬಜ್ಜಿ ಮಾತ್ರ ಕೊನೆಯವರೆಗೂ ಇಬ್ಬರನ್ನೂ ಸರದಿಯಲ್ಲಿ ನೋಡುತ್ತಾ ಕೂತಿದ್ದರು.

ಅಂದಹಾಗೆ, ಅಲ್ಲಿ ಯಾರಾದರೂ ನಿಮಗೆ 'ಟೊಯ್ ಟೊಯ್ ಟೊಯ್' ಎಂದು ಶುಭ ಹಾರೈಸಿದರೆ ಥ್ಯಾಂಕ್ಸ್ ಹೇಳಬಾರದು, ಅಪಶಕುನ. ನಾನು ಮೊದಲ ದಿನವೇ ಹೇಳಿ ಬೈಸಿಕೊಂಡೆ.

ನೀವು ಒಮ್ಮೆ ನೋಡಲು ಹೋಗುವುದಾದರೆ ಮೇಲಿನ ಬಾಲ್ಕನಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಅಗ್ಗ, ಅರ್ಧ ವೇದಿಕೆ ಕಾಣುವುದಿಲ್ಲ. ಆದರೆ ಆರ್ಕೆಸ್ಟ್ರಾ ಗುಂಡಿ ಚೆನ್ನಾಗಿ ಕಾಣುತ್ತದೆ. ಅದೃಷ್ಟ ಇದ್ದರೆ ಎದುರಿನ ವಿಂಗ್ ಕೂಡ ಕಾಣಬಹುದು. ಅಲ್ಲಿ ಒಂದು ಸಣ್ಣ ನೀಲಿ ದೀಪದಡಿ ಯಾರೋ ಪುಟ ತಿರುಗಿಸುತ್ತಾ ಕೂತಿದ್ದರೆ, ನೀವು ಕೇಳಿದ ಯಜಮಾನರು ಅವರೇ. ಚಪ್ಪಾಳೆ ಹೊತ್ತಿನಲ್ಲಿ ಅವರು ಮುಂದೆ ಬರುವುದಿಲ್ಲ. ತೆರೆ ಎಷ್ಟು ಸಲ ಏಳಬೇಕು, ಯಾವಾಗ ಬೀಳಬೇಕು ಎಂದು ಹೇಳುತ್ತಿರುತ್ತಾರೆ. ಕೊನೆ ಸಲ ತೆರೆ ಬಿದ್ದ ತಕ್ಷಣ ಹಿಂದೆ ಸುತ್ತಿಗೆ ಸದ್ದು ಶುರು. ಮರುದಿನ ಬೇರೆ ಆಪೆರಾ ಇರುತ್ತದೆ, ಕೆಫೆಯನ್ನು ಆ ರಾತ್ರಿಯೇ ಬಿಚ್ಚಬೇಕು.