ಮಿನಿ ಲೇತ್ ಬಿಟ್ಟು ದೊಡ್ಡದು ತಗೊಳ್ಳುವಾಗ ಏನು ನೋಡಬೇಕು?

ನಿಮ್ಮ ಹತ್ತಿರ 7 ಇಂಚು ಸ್ವಿಂಗ್ (ತಿರುಗಿಸಬಹುದಾದ ಗರಿಷ್ಠ ವ್ಯಾಸ), 14 ಇಂಚು ಉದ್ದದ ಮಿನಿ ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಸಣ್ಣ ಯಂತ್ರ) ಇದೆ, ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಪಾರ್ಟಿಂಗ್ (ತುಂಡರಿಸುವುದು) ಮಾಡುವಾಗ ಅದುರಿ ಕಿರುಚುತ್ತದೆ, ಇನ್ನೂ ಉದ್ದದ ಬೆಡ್ (ತಳದ ಹಳಿ) ಇರುವುದು ತಗೊಳ್ಳಲಾ, ಹೊಸದಾ ಹಳೇದಾ ಅಂತ ಕೇಳಿದ್ದೀರಿ.

ಉದ್ದಕ್ಕೆ ದುಡ್ಡು ಹಾಕಬೇಡಿ. ತೂಕಕ್ಕೆ ಹಾಕಿ, ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್‌ಗೆ ಹಾಕಿ. ನಾನು ಇಂಥದ್ದೇ ಮೆಷಿನ್‌ನಲ್ಲಿ ಆರು ವರ್ಷ ಒದ್ದಾಡಿದ್ದೇನೆ. 14 ಇಂಚು ಸಾಲದೆ ನಿಂತುಹೋದ ಕೆಲಸ ಒಂದೋ ಎರಡೋ ಅಷ್ಟೆ. ಅದುರಾಟದಿಂದ ಕೆಟ್ಟ ಕೆಲಸಕ್ಕೆ ಲೆಕ್ಕವೇ ಇಲ್ಲ.

ಮೊದಲು ಒಂದು ಕೆಲಸ ಮಾಡಿ. ಡಯಲ್ ಗೇಜನ್ನು ಬೆಡ್ ಮೇಲೆ ಕೂರಿಸಿ, ಅದರ ತುದಿಯನ್ನು ಕತ್ತರಿಸುವ ಟೂಲನ್ನು ಹಿಡಿಯುವ ಟೂಲ್ ಪೋಸ್ಟ್‌ಗೆ ತಾಗಿಸಿ, ಟೂಲ್ ಪೋಸ್ಟನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ನೋಡಿ. ನನ್ನದರಲ್ಲಿ ಮುಳ್ಳು 8 ಗೆರೆ ಓಡಿತು, ಅಂದರೆ 0.08 ಮಿಮೀ. ಬರೀ ಕೈಗೇ ಇಷ್ಟು ಬಗ್ಗಿದರೆ ಪಾರ್ಟಿಂಗ್ ಟೂಲ್ ಕಚ್ಚಿಕೊಂಡಾಗ ಏನಾಗಬೇಡ? ಗಿಬ್‌ಗಳನ್ನು (ಸ್ಲೈಡುಗಳ ಸಡಿಲ ತೆಗೆಯುವ ಪಟ್ಟಿಗಳು) ಬಿಗಿ ಮಾಡಿದೆ, ಟೂಲ್ ಪೋಸ್ಟ್ ಕೆಳಗಿನ ಕಾಂಪೌಂಡ್ ಸ್ಲೈಡ್ ಪೂರ್ತಿ ಬಿಚ್ಚಿಟ್ಟು ಆ ಜಾಗಕ್ಕೆ ಒಂದು ಗಟ್ಟಿ ಸ್ಟೀಲ್ ಬ್ಲಾಕ್ ಹಾಕಿದೆ. ಅದೇ ಒತ್ತಡಕ್ಕೆ ಮುಳ್ಳು 3 ಗೆರೆಗೆ ಇಳಿಯಿತು, ಪಾರ್ಟಿಂಗ್ ಅರ್ಧಕ್ಕರ್ಧ ಸರಿಹೋಯಿತು. ಸಣ್ಣ ಕೆಲಸವಷ್ಟೇ ಮಾಡುವವರಾದರೆ ಇಷ್ಟೇ ಸಾಕಾಗಬಹುದು, ಹೊಸ ಮೆಷಿನ್ನೇ ಬೇಡ.

ನನಗೆ ಸಾಕಾಗಲಿಲ್ಲ. 40 ಮಿಮೀ ಎಂಎಸ್ ರಾಡನ್ನು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡ್‌ನಲ್ಲಿ ನಿಮಿಷಕ್ಕೆ 15 ಮೀಟರ್ ವೇಗದಲ್ಲಿ ಪಾರ್ಟಿಂಗ್ ಮಾಡಬೇಕು ಅಂದರೆ ರಾಡನ್ನು ತಿರುಗಿಸುವ ಸ್ಪಿಂಡಲ್ ಸುಮಾರು 120 ಆರ್‌ಪಿಎಂನಲ್ಲಿ ತಿರುಗಬೇಕು. ಅಷ್ಟು ನಿಧಾನಕ್ಕೆ ಇಳಿಸಿದರೆ ಈ ಸಣ್ಣ ಡಿಸಿ ಮೋಟರ್‌ಗೆ ಜೀವವೇ ಇರುವುದಿಲ್ಲ. ಒಂದು ರಾತ್ರಿ ಬ್ಲೇಡ್ ಕಚ್ಚಿಕೊಂಡು ಟಕ್ ಅಂತ ಸದ್ದಾಯಿತು. ಮೋಟರ್ ಗುಂಯ್‌ಗುಡುತ್ತಿದೆ, ರಾಡ್ ಹಿಡಿಯುವ ಚಕ್ ಮಾತ್ರ ನಿಂತಿದೆ. ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಪೆಟ್ಟಿಗೆ) ಬಿಚ್ಚಿದರೆ ಪ್ಲಾಸ್ಟಿಕ್ ಗೇರ್‌ನ ಎರಡು ಹಲ್ಲು ಗ್ರೀಸ್ ಒಳಗೆ ಬಿದ್ದಿದ್ದವು. ಮೆಟಲ್ ಗೇರ್ ಹಾಕಿಕೊಳ್ಳಿ ಅಂತ ತುಂಬಾ ಜನ ಹೇಳುತ್ತಾರೆ. ಹಾಕಬಹುದು, ಆದರೆ ಮುಂದಿನ ಸಲ ಗೇರ್ ಬದಲು ಮೋಟರ್ ಬೋರ್ಡ್ ಸುಡಬಹುದು, ಅಲ್ವಾ?

ಹಾಗಾಗಿ ಹೊಸದು ನೋಡುವಾಗ ಬ್ಯಾಕ್ ಗೇರ್ (ಸ್ಪಿಂಡಲ್ ವೇಗ ಇಳಿಸಿ ಟಾರ್ಕ್ ಹೆಚ್ಚಿಸುವ ಗೇರ್ ಜೋಡಿ) ಇದೆಯಾ, ಇಲ್ಲವಾದರೆ ಬೆಲ್ಟ್ ಬದಲಿಸಿ ನಿಜವಾಗಿ ವೇಗ ಇಳಿಸುವ ವ್ಯವಸ್ಥೆ ಇದೆಯಾ ಅಂತ ಮೊದಲು ಕೇಳಿ. ಮೋಟರ್ ಜೋರಾಗಿ ಓಡುತ್ತಾ ಸ್ಪಿಂಡಲ್ ನಿಧಾನಕ್ಕೆ ತಿರುಗಿದರೆ ಮಾತ್ರ ಟಾರ್ಕ್ ಸಿಗುತ್ತದೆ. ಆಮೇಲೆ ಸ್ಪಿಂಡಲ್ ತೂತು. ನಿಮ್ಮದರಲ್ಲಿ 20 ಮಿಮೀ ಇರಬೇಕು, 25ರ ರಾಡ್ ತೂರುವುದಿಲ್ಲ, ಪ್ರತಿ ಸಲ ಮೊದಲೇ ತುಂಡು ಮಾಡಿಕೊಳ್ಳಬೇಕು. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ಗೂ ಪವರ್ ಫೀಡ್ (ತಾನಾಗಿ ಸರಿಯುವ ವ್ಯವಸ್ಥೆ) ಇದ್ದರೆ ಬಿಡಬೇಡಿ, ಫೇಸಿಂಗ್ (ರಾಡ್ ತುದಿಯನ್ನು ಚಪ್ಪಟೆ ಮಾಡುವುದು) ಮಾಡುವಾಗ ಅದರ ಸುಖ ಗೊತ್ತಾಗುತ್ತದೆ. ಸ್ವಿಂಗ್ ಸಂಖ್ಯೆ ನೋಡಿ ಮೋಸಹೋಗಬೇಡಿ. 7 ಇಂಚು ಅನ್ನೋದು ಬೆಡ್ ಮೇಲಿನ ಲೆಕ್ಕ, ಕ್ರಾಸ್ ಸ್ಲೈಡ್ ಮೇಲೆ ಹೆಚ್ಚು ಕಡಿಮೆ 4 ಇಂಚೇ ಸಿಗೋದು. 1946ರಲ್ಲಿ ಬಂದ ಬ್ರಿಟಿಷ್ ಲೇತ್ ಮೈಫೋರ್ಡ್ ಎಂಎಲ್7ರ ಸ್ವಿಂಗೂ 7 ಇಂಚೇ, ಆದರೆ ಬ್ಯಾಕ್ ಗೇರ್ ಇರುವುದರಿಂದ ಅದು ಬೇರೆಯೇ ಜಾತಿ. ಅದಕ್ಕೂ ತನ್ನದೇ ತಾಪತ್ರಯ ಇದೆ: ಸ್ಪಿಂಡಲ್ ತೂತು ಮಿನಿ ಲೇತ್‌ಗಿಂತಲೂ ಸಣ್ಣದು, ಚಕ್ ಥ್ರೆಡ್ ಮೇಲೆ ಕೂರುವುದರಿಂದ ರಿವರ್ಸ್‌ನಲ್ಲಿ ಕಟ್ ಕೊಟ್ಟರೆ ಬಿಚ್ಚಿಕೊಳ್ಳಬಹುದು.

ಹಳೇದು ಕೊಳ್ಳೋದಾದರೆ ಬಣ್ಣ ನೋಡಬೇಡಿ, ಬೆಡ್ ನೋಡಿ. ಸವೆತ ಜಾಸ್ತಿ ಆಗುವುದು ಚಕ್ ಹತ್ತಿರ, ಟೂಲ್ ಹೊತ್ತ ಕ್ಯಾರೇಜ್ ಯಾವಾಗಲೂ ಓಡಾಡುವ ಜಾಗದಲ್ಲಿ. ಅಲ್ಲಿ ಅಡ್ಡಕ್ಕೆ ಉಗುರು ಎಳೆದು ನೋಡಿ, ಮೆಟ್ಟಿಲಿನ ಹಾಗೆ ತಡೆದರೆ ಸವೆದಿದೆ ಅಂತಲೇ. ಇನ್ನೊಂದು, ಕ್ಯಾರೇಜ್ ಲಾಕನ್ನು ಚಕ್ ಹತ್ತಿರ ಸ್ವಲ್ಪ ಉಜ್ಜುವಷ್ಟು ಬಿಗಿ ಮಾಡಿ, ಹ್ಯಾಂಡ್‌ವೀಲ್ ತಿರುಗಿಸುತ್ತಾ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಹೋಗಿ. ನಡುವೆ ಎಲ್ಲೋ ಕಚ್ಚಿ ನಿಂತರೆ ಚಕ್ ಹತ್ತಿರ ಬೆಡ್ ಸವೆದಿದೆ ಅಂತಲೇ, ಬೆಲೆ ಇಳಿಸಿ ಕೇಳಿ, ಇಲ್ಲ ಸುಮ್ನೆ ಬಂದುಬಿಡಿ. ಗೇರ್ ಬದಲಿಸಬಹುದು, ಬೇರಿಂಗ್ ಬದಲಿಸಬಹುದು, ಸವೆದ ಬೆಡ್ಡನ್ನು ಮನೆಯಲ್ಲಿ ಸರಿಮಾಡುವುದು ನಮ್ಮಂಥವರ ಕೈಲಾಗದ ಮಾತು. ತ್ರೀ ಫೇಸ್ ಮೋಟರ್ ಇದೆ ಅಂತ ಹೆದರಬೇಡಿ, ಸಣ್ಣ ಮೋಟರ್ ಆದರೆ ಸಿಂಗಲ್ ಫೇಸ್‌ನಿಂದ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಹಾಕಿ ಓಡಿಸಬಹುದು. ಆ ಮೋಟರನ್ನು ಡೆಲ್ಟಾದಲ್ಲಿ (ವೈಂಡಿಂಗ್ ಜೋಡಿಸುವ ಒಂದು ಬಗೆ) ಕಡಿಮೆ ವೋಲ್ಟೇಜ್‌ಗೆ ಜೋಡಿಸಲು ಬರುತ್ತದಾ ಅಂತ ಪ್ಲೇಟ್ ನೋಡಿಕೊಳ್ಳಿ.

ನಾನು ಕೊನೆಗೆ ತಂದದ್ದು 180 ಕೆಜಿಯದು, ಹಳೇದು 40 ಚಿಲ್ಲರೆ ಇತ್ತು. ಅದನ್ನು ಒಳಗೆ ತರೋದೇ ಒಂದು ದಿನದ ಕೆಲಸ. ಟೇಲ್‌ಸ್ಟಾಕ್, ಚಕ್, ಮೋಟರ್ ಬಿಚ್ಚಿ ಬೇರೆ ಬೇರೆಯಾಗಿ ಸಾಗಿಸಿದೆವು, ಬಾಗಿಲಿನ ಅಗಲ ಅಳೆಯೋದು ಮರೆತಿದ್ದೆ ಅನ್ನೋದು ಬೇರೆ ಕಥೆ. ಇನ್ನೊಂದು ಮಾತು, ದೊಡ್ಡದು ಸ್ಟ್ಯಾಂಡ್ ಮೇಲೆ ಲೆವೆಲ್ ಆಗಿ ಕೂತು ಕೆಲಸ ಶುರು ಮಾಡುವವರೆಗೆ ಮಿನಿ ಲೇತ್ ಮಾರಬೇಡಿ. ನನ್ನ ಹೊಸ ಲೇತ್‌ನ ಸ್ಟ್ಯಾಂಡ್‌ಗೆ ಬೇಕಾದ ನಾಲ್ಕು ಲೆವೆಲಿಂಗ್ ಕಾಲುಗಳನ್ನು ಟರ್ನ್ ಮಾಡಿದ್ದು ಆ ಹಳೇದರಲ್ಲೇ.